ಎರೆಮಣ್ಣಿನ ನಿಶಿಗಂಧ

ತಾಳಿಕೋಟೆಯ ಬಿಸಿಲಿಗೆ ಅಂಜದ ಹೂವೆಂದರೆ ನನ್ನ ಮಟ್ಟಿಗೆ ನಿಶಿಗಂಧವೇ, ದಕ್ಷಿಣದವರ ಸುಗಂಧರಾಜ. ಮೆಕ್ಸಿಕೊ ಮೂಲದ್ದಾದರೂ ನಮ್ಮ ಮದುವೆಯ ಹಾರ ಅದಿಲ್ಲದೆ ತುಂಬದು.

ಡೋಣಿ ಹೊಳೆಯ ದಂಡೆಯ ಎರೆಮಣ್ಣು ನೀರು ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆ. ಅದಕ್ಕೇ ಉಸುಕು, ತಿಪ್ಪೆಗೊಬ್ಬರ ಬೆರೆಸಿ ಏರುಮಡಿ ಮಾಡಬೇಕು. 2-3 ಸೆಂ.ಮೀ. ದಪ್ಪದ ಗಡ್ಡೆಯನ್ನು ಮೊಳಕೆ ಮೇಲಾಗಿ 2 ಇಂಚು ಆಳಕ್ಕೆ ಊರಿದರೆ ಸುಮಾರು 3 ತಿಂಗಳಿಗೆ ದಂಟು ಏಳುತ್ತದೆ. ಒಮ್ಮೆ ಊರಿದ್ದು ಎರಡು-ಮೂರು ವರ್ಷ ಹೂ ಕೊಡುತ್ತದೆ. ಬುಡದ ಸುತ್ತ ಮರಿಗಡ್ಡೆಗಳು ಒತ್ತಾಗಿ ಕಟ್ಟುತ್ತವೆ, ಓಣಿಗೆಲ್ಲ ಹಂಚುವಷ್ಟು!

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್' ತಳಿಯ ಮೊಗ್ಗು ನೋಡಬೇಕು: ತುದಿಗೆ ನಸುಗೆಂಪು, ಅರಳಿದರೆ ಅಚ್ಚ ಬಿಳಿ. ದಂಟಿನ ಕೆಳಗಿನ ಜೋಡಿ ಮೊದಲು ಬಿರಿಯುತ್ತದೆ, ಮೇಲಿನವು ದಿನಕ್ಕಿಷ್ಟರಂತೆ. ನಸುಕಿನಲ್ಲೇ ದಂಟು ಕೊಯ್ದು ನೀರಿಗಿಟ್ಟರೆ ಹಲವು ದಿನ ಮನೆ ಘಮಘಮಿಸುತ್ತದೆ.