ಉಪ್ಪು ಕುಡಿದ ಚೀಲ

ನನ್ನ ಡೈವಿಂಗ್ ಬ್ಯಾಗು ನೋಡಲು ಏನೂ ಚೆಂದವಿಲ್ಲ. ಬಣ್ಣ ಮಾಸಿದೆ, ಒಂದು ಮೂಲೆಯಲ್ಲಿ ಚಪ್ಪಲಿ ಹೊಲಿಯುವವರಿಂದ ಹಾಕಿಸಿದ ದಪ್ಪ ಹೊಲಿಗೆ. ಆದರೆ ತೂಕ ಎರಡೂವರೆ ಕಿಲೋ ಮಾತ್ರ. ಅದರ ದೊಡ್ಡಸ್ತಿಕೆಯೇ ಅದು. ಬೆಂಗಳೂರಿನಿಂದ ಅಂಡಮಾನಿಗೆ ಹೋಗುವ ಅಗ್ಗದ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ ಲಗೇಜು. ಗಟ್ಟಿ ಸೂಟ್‌ಕೇಸೇ ನಾಲ್ಕೈದು ಕಿಲೋ ನುಂಗಿ ಕೂತರೆ ಗಾಳಿ ತುಂಬುವ ಡೈವಿಂಗ್ ಜಾಕೆಟ್ಟು, ಕಾಲಿಗೆ ಹಾಕುವ ಫಿನ್ನು, ವೆಟ್‌ಸೂಟು ಎಲ್ಲಿಡುವುದು? ಸಿಲಿಂಡರು, ಸೀಸದ ತೂಕಗಳು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಪುಣ್ಯ.

ಮೆತ್ತನೆಯ ಈ ಚೀಲಕ್ಕೆ ಮೂಳೆ ಕೊಡುವುದು ಫಿನ್ನುಗಳು. ಎರಡನ್ನೂ ಅಕ್ಕಪಕ್ಕಕ್ಕೆ ಗೋಡೆಯಂತೆ ನಿಲ್ಲಿಸಿದರೆ ನಡುವೆ ಒಂದು ತೊಟ್ಟಿಲು. ಗಾಳಿ ತೆಗೆದ ಜಾಕೆಟ್ಟು ಅಡಿಗೆ. ಮಾಸ್ಕಿಗೆ ಅದರದೇ ಡಬ್ಬಿ ಇದ್ದರೂ ವೆಟ್‌ಸೂಟಿನ ಸುರುಳಿಯೊಳಗೆ ಮಲಗಿಸದಿದ್ದರೆ ನನಗೆ ಸಮಾಧಾನವಿಲ್ಲ. ನೀರಿನಡಿ ಉಸಿರು ಕೊಡುವ ರೆಗ್ಯುಲೇಟರನ್ನು ಮಾತ್ರ ಕೈಬಿಡುವುದಿಲ್ಲ. ಟವೆಲ್ಲಿನಲ್ಲಿ ಸುತ್ತಿ ನನ್ನ ಜೊತೆಗೇ. ಟಾರ್ಚಿನ ಲಿಥಿಯಂ ಬ್ಯಾಟರಿಗಳೂ ಕೈಚೀಲದಲ್ಲೇ ಇರಬೇಕು. ಚಾಕು ದೊಡ್ಡ ಬ್ಯಾಗಿಗೆ. ಒಮ್ಮೆ ಇದನ್ನು ತಿರುವುಮುರುವು ಮಾಡಿ, ತಪಾಸಣೆಯಲ್ಲಿ ಒಳ್ಳೆಯ ಚಾಕುವೊಂದನ್ನು ಕಳೆದುಕೊಂಡೆ.

ಈ ಚೀಲವನ್ನು ಹೊಲಿದವರು ಉಪ್ಪುನೀರು ಬಲ್ಲವರು. ಜಿಪ್ಪಿನ ಹಲ್ಲುಗಳು ಪ್ಲಾಸ್ಟಿಕ್ಕಿನವು, ಹೆಬ್ಬೆರಳ ಉಗುರಿನಷ್ಟು ಅಗಲ. ಲೋಹವಾಗಿದ್ದರೆ ಎಂದೋ ಕಚ್ಚಿ ಕೂರುತ್ತಿತ್ತು. ತಳದಲ್ಲಿ ಬಲೆ ಹೊದಿಸಿದ ಮೂರು ತೂತು. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದ ಸಂಜೆ, ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದರೆ ಆ ತೂತುಗಳಿಂದ ಸಮುದ್ರ ತೊಟ್ಟು ತೊಟ್ಟಾಗಿ ಇಳಿಯುತ್ತದೆ.