ಗಾಜಿನ ಗೋಡೆ, ಬೇಗೂರಿನ ಕಲ್ಲು

ಆನ್‌ಸೈಟ್ ಅಂತ ಫ್ರಾಂಕ್‌ಫರ್ಟಿಗೆ ಹೋದ ಮೊದಲ ಭಾನುವಾರವೇ ಅಲ್ಲಿನ ಹಳೇ ಊರಿನ ಓಣಿಗಳಲ್ಲಿ ನಲವತ್ತು ಫೋಟೋ ಹೊಡೆದಿದ್ದೆ. ಮರದ ತೊಲೆ, ಕೆಂಪು ಕಲ್ಲು, ಇಳಿಜಾರು ಮಾಡು. ಎಷ್ಟು ಶತಮಾನ ಕಂಡ ಗೋಡೆಗಳೋ ಅಂತ ಪುಳಕ. ಮಾರನೇ ದಿನ ಟೀಮಿನ ಜರ್ಮನ್ ಗೆಳೆಯನಿಗೆ ತೋರಿಸಿದರೆ ಅವನು ನಕ್ಕುಬಿಟ್ಟ. ‘ಈ ಮನೆಗಳು ಮುಗಿದಿದ್ದು 2018ರಲ್ಲಿ. ಬೆಂಗಳೂರಿನ ನಿನ್ನ ಆಫೀಸೇ ಇದಕ್ಕಿಂತ ಹಳೇದು!’

ವಿಷಯ ಇಷ್ಟು. 1944ರ ಬಾಂಬ್ ದಾಳಿಯಲ್ಲಿ ಆ ಹಳೇ ಊರು ಸುಟ್ಟುಹೋಯಿತು. ಎಪ್ಪತ್ತರ ದಶಕದಲ್ಲಿ ಅಲ್ಲೊಂದು ದೊಡ್ಡ ಕಾಂಕ್ರೀಟ್ ಸರ್ಕಾರಿ ಕಚೇರಿ ಎದ್ದಿತು. ಆಮೇಲೆ ಅದನ್ನೂ ಕೆಡವಿ 35 ಮನೆ ಕಟ್ಟಿದರು. ಅದರಲ್ಲಿ 15 ಸುಟ್ಟುಹೋದ ಮನೆಗಳ ಪಡಿಯಚ್ಚು, ಉಳಿದವು ಹಳೇ ಓಣಿಯ ಅಳತೆಗೆ ಹೊಂದುವ ಹೊಸ ವಿನ್ಯಾಸಗಳು. ಇದೆಲ್ಲ ನಾಟಕದ ಸೆಟ್ ಅಂತ ಬೈಯೋರು ಅಲ್ಲೂ ಇದ್ದಾರೆ. ಆದರೆ ಬೈಯೋಕಾದರೂ ಅವರು ತಮ್ಮ ಊರನ್ನು ನೋಡಿದ್ದಾರೆ. ನಾವು?

ಮುಂದಿನ ವರ್ಷ ಅದೇ ಗೆಳೆಯ ಎಲೆಕ್ಟ್ರಾನಿಕ್ ಸಿಟಿಗೆ ಬಂದ. ಜನವರಿ ತಿಂಗಳು, ಹೊರಗೆ ತಣ್ಣನೆ ಗಾಳಿ. ಒಳಗೆ ಪೂರ್ತಿ ಎಸಿ, ನಮ್ಮ ಹುಡುಗಿಯರ ಹೆಗಲ ಮೇಲೆ ಶಾಲು. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಬ್ಲೈಂಡ್ಸ್ ಇಳಿಸಿ, ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡು ಕೂತಿದ್ದೆವು. ಅವನು ಕೇಳಿದ: ‘ಇಷ್ಟು ಒಳ್ಳೇ ಹವೆ ಇರೋ ಊರಲ್ಲಿ ಕಿಟಕಿ ಯಾಕೆ ತೆಗೆಯಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಚಳಿ ದೇಶದವರಿಗೆ ಗಾಜಿನ ಮೇಲೆ ಆಸೆ ಯಾಕೆ ಅನ್ನೋದು ಅರ್ಥವಾಗುತ್ತೆ. ಸಿಕ್ಕಷ್ಟು ಬಿಸಿಲನ್ನು ಒಳಗೆ ಕರೆದುಕೊಳ್ಳಬೇಕು. ನಮ್ಮಲ್ಲಿ ಅದೇ ಗಾಜು ಬಿಸಿಲನ್ನು ಒಳಗೆ ಬಿಡುತ್ತೆ, ಆಮೇಲೆ ಅದನ್ನು ಹೊರಗೆ ಹಾಕೋಕೆ ನಾವು ಕರೆಂಟ್ ಬಿಲ್ ಕಟ್ಟುತ್ತೀವಿ. ಇನ್ಫೋಸಿಸ್ ಕ್ಯಾಂಪಸ್ಸಿನ ಗಾಜಿನ ಪಿರಮಿಡ್ಡನ್ನೇ ನೋಡಿ. ಪ್ಯಾರಿಸ್ಸಿನ ಲೂವ್ರ್ ನೆನಪಾಗದೇ ಇರಲ್ಲ. ಅಲ್ಲಿ ಐ.ಎಂ. ಪೇ ಕಟ್ಟಿದ ಪಿರಮಿಡ್ ಹಳೇ ಅರಮನೆಯ ಅಂಗಳದಲ್ಲಿ ನಿಂತು ನೆಲದಡಿಯ ಪ್ರವೇಶಕ್ಕೆ ಬೆಳಕು ಇಳಿಸುತ್ತೆ, ಅದಕ್ಕೊಂದು ಕೆಲಸ ಇದೆ. ಇಲ್ಲಿಗೆ ಬಂದಿದ್ದು ಆಕಾರ ಮಾತ್ರ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಕಂಪನಿ ಆಮೇಲೆ ಹೈದರಾಬಾದಿನಲ್ಲಿ ಒಂದು ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗೆ ತಣ್ಣೀರಿನ ಪೈಪು ಹಾಕಿ ಹೋಲಿಸಿ ನೋಡಿತು. ಪೈಪು ಹಾಕಿದ ಭಾಗಕ್ಕೆ ಕರೆಂಟ್ ಗಣನೀಯವಾಗಿ ಕಡಿಮೆ ಸಾಕಾಯಿತು. ಅಂದರೆ ಕಲಿಯೋಕೆ ಆಗಲ್ಲ ಅಂತೇನಿಲ್ಲ.

ಹಾಗಂತ ‘ಹಳೇದೇ ಚೆಂದ, ಹೊರಗಿಂದ ಬಂದಿದ್ದೆಲ್ಲ ಕೆಟ್ಟದ್ದು’ ಅನ್ನೋದು ನನ್ನ ವಾದವಲ್ಲ. ವೈಟ್‌ಫೀಲ್ಡ್ ಶುರುವಾಗಿದ್ದೇ 1882ರಲ್ಲಿ, ಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ, ಆಂಗ್ಲೋ ಇಂಡಿಯನ್ನರ ವಸತಿಯಾಗಿ. ಇನ್ನರ್ ಸರ್ಕಲ್ಲಿನ ಆ ಬಂಗಲೆಗಳಲ್ಲಿ ಯುರೋಪಿನ ನೆನಪಿತ್ತು, ಜೊತೆಗೆ ನಮ್ಮ ಮಳೆ ಬಿಸಿಲಿಗೆ ಬೇಕಾದ ಹೆಂಚು, ವರಾಂಡ ಎಲ್ಲವೂ ಇತ್ತು. ಹೊಸದರ ಉದಾಹರಣೆ ಬೇಕಾದರೆ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ಬಿ.ವಿ. ದೋಶಿ ದೂರದ ಫತೇಪುರ್ ಸಿಕ್ರಿಯಿಂದ ಸ್ಫೂರ್ತಿ ತಗೊಂಡರು, ಕಟ್ಟಿದ್ದು ಮಾತ್ರ ಇಲ್ಲಿನ ಬೂದು ಕಲ್ಲಿನಲ್ಲಿ. ಅಲ್ಲಿನ ಉದ್ದನೆಯ ಓಣಿಗಳಲ್ಲಿ ನಡೆದರೆ ನೆರಳು, ಬಳ್ಳಿ, ಗಾಳಿ, ಮಳೆ ಎಲ್ಲವೂ ಜೊತೆಗೇ ಬರುತ್ತವೆ. ಆ ಕಟ್ಟಡ ತಾನು ಯಾವ ಊರಲ್ಲಿದೆ ಅಂತ ಮರೆತಿಲ್ಲ.

ಶನಿವಾರ ಗೆಳೆಯ ‘ನಿಮ್ಮ ಹಳೇ ಊರು ತೋರಿಸು’ ಅಂದ. ಎಲೆಕ್ಟ್ರಾನಿಕ್ ಸಿಟಿಯ ಪಕ್ಕ ಹಳೇದು ಏನಿದೆ ಅಂತ ಗೂಗಲ್ ಮಾಡಿ ಬೇಗೂರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೊಯ್ಸಳರ ವೀರಬಲ್ಲಾಳ, ಅಜ್ಜಿ ಕೊಟ್ಟ ಬೆಂದ ಕಾಳು, ಅದರಿಂದ ಬೆಂದಕಾಳೂರು ಅನ್ನೋ ಕತೆಯನ್ನು ಜೋರಾಗಿ ಹೇಳಿದ್ದೇ ಹೇಳಿದ್ದು. ಅಲ್ಲಿ ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ವೀರಗಲ್ಲು. ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲ. ‘ಬೆಂಗಳೂರು’ ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ವೀರಬಲ್ಲಾಳ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಊರಿಗೆ ಈ ಹೆಸರಿತ್ತು! ನಾನು ಹೇಳಿದ ಕತೆ ಆ ಕಲ್ಲಿನ ಮುಂದೆಯೇ ಠುಸ್ ಆಯಿತು.

‘ಏನು ಬರೆದಿದೆ, ಓದು’ ಅಂದ. ಕನ್ನಡ ಮೀಡಿಯಂನಲ್ಲಿ ಓದಿದವನು ನಾನು. ಒಂದೆರಡು ಅಕ್ಷರ ಕನ್ನಡದ ಹಾಗೆ ಕಂಡವು, ಅಷ್ಟೇ. ಫ್ರಾಂಕ್‌ಫರ್ಟಿನಲ್ಲಿ ಪ್ರತಿ ಬೋರ್ಡಿಗೂ ಫೋನ್ ಹಿಡಿದು ಅರ್ಥ ಮಾಡಿಕೊಂಡವನು, ಮನೆಯಿಂದ ಹತ್ತು ಕಿಲೋಮೀಟರೂ ಇಲ್ಲದ ಈ ಕಲ್ಲಿನ ಹತ್ತಿರ ಒಂಬತ್ತು ವರ್ಷ ಬಂದೇ ಇರಲಿಲ್ಲ. ನಾಚಿಕೆ ಆಯ್ತು ಅಂತ ಬರೆಯೋದು ಸುಲಭ. ನಿಜಕ್ಕೂ ಆಗಿದ್ದು ಭಯ. ಇದನ್ನು ಯಾರಾದರೂ ಒಡೆದು ಅಡಿಪಾಯಕ್ಕೆ ಹಾಕಿದ್ದರೂ ನನಗೆ ಗೊತ್ತಾಗ್ತಿರಲಿಲ್ಲವಲ್ಲ!

ಅಂದಿನಿಂದ ಯಾವ ಕಟ್ಟಡ ನೋಡಿದರೂ ಫ್ರಾಂಕ್‌ಫರ್ಟ್ ಕಲಿಸಿದ ಒಂದೇ ಪ್ರಶ್ನೆ ಕೇಳಿಕೊಳ್ತೀನಿ: ಇದು ನಾಳೆ ಬಿದ್ದುಹೋದರೆ, ಎಪ್ಪತ್ತು ವರ್ಷ ಆದಮೇಲೂ ಮತ್ತೆ ಕಟ್ಟಬೇಕು ಅಂತ ಯಾರಿಗಾದರೂ ಅನ್ನಿಸುತ್ತಾ? ಐಐಎಂ ಬಗ್ಗೆ ಅನ್ನಿಸಬಹುದು. ನಮ್ಮ ಆಫೀಸಿನ ಬಗ್ಗೆ ನನಗಂತೂ ಅನ್ನಿಸಲ್ಲ, ನನ್ನ ಯೌವನವೆಲ್ಲ ಅಲ್ಲೇ ಕಳೆದಿದ್ದರೂ. ನೀವೂ ಇದೇ ಬೆಲ್ಟಿನಲ್ಲಿ ಕೆಲಸ ಮಾಡೋರಾದರೆ ನಿಮ್ಮ ಬಿಲ್ಡಿಂಗ್ ಬಗ್ಗೆ ಒಮ್ಮೆ ಕೇಳಿಕೊಳ್ಳಿ. ಬೇಗೂರಿಗೂ ಹೋಗಿ ಬನ್ನಿ.

ಸೋಮವಾರ ಮೇಂಟೆನೆನ್ಸ್ ಹುಡುಗನನ್ನು ಕೇಳಿದೆ, ‘ಈ ಕಿಟಕಿ ತೆಗೆಯೋಕೆ ಬರುತ್ತೇನಪ್ಪಾ?’

‘ಕಿಟಕಿ ಎಲ್ಲಿದೆ ಸಾರ್? ಇದು ಗೋಡೆ’ ಅಂದ.