ಹೆತ್ತವರ ಹೆಗ್ಗಣ: ಆನುವಂಶಿಕ ದೋಷ, ಸಂತಾನ ಮತ್ತು ಜನಪದ ವಿವೇಕ – ಒಂದು ವಿಮರ್ಶೆ

ಗಾದೆಗಳನ್ನು ಜನಪದರ ಅನುಭವದ ಸಾರವೆಂದು ಕರೆಯುವುದು ನಮ್ಮ ಅಧ್ಯಯನಗಳಲ್ಲಿ ವಾಡಿಕೆ. ಗಾದೆ ಸಂಕಲನಗಳ ಪ್ರಸ್ತಾವನೆಗಳಲ್ಲಿ ಈ ಮಾತು ಎಷ್ಟು ಬಾರಿ ಬಂದಿದೆಯೆಂದರೆ ಅದನ್ನು ಪರೀಕ್ಷಿಸುವ ಅಗತ್ಯವೇ ಇಲ್ಲವೆಂದು ನಾವು ಭಾವಿಸಿದಂತಿದೆ. ಗಾದೆ ಅನುಭವದ ಸಾರವೆಂಬುದು ನಿಜವೇ ಆದರೆ ಅದು ಯಾರ ಅನುಭವ? ಯಾವ ಸಂದರ್ಭದಲ್ಲಿ, ಯಾರು, ಯಾರನ್ನು ಕುರಿತು ಅದನ್ನು ಆಡುತ್ತಾರೆ? ಪ್ರಸ್ತುತ ಪ್ರಬಂಧವು ಈ ಪ್ರಶ್ನೆಗಳನ್ನು ಒಂದು ವಿಷಯಕ್ಕೆ ಸೀಮಿತಗೊಳಿಸಿ ಕೇಳುತ್ತದೆ. ತಮ್ಮ ವಂಶದಲ್ಲಿರುವ ಕಾಯಿಲೆ ಅಥವಾ ನ್ಯೂನತೆ ಮಕ್ಕಳಿಗೂ ಬರಬಹುದೆಂದು ತಿಳಿದವರು ಮಕ್ಕಳನ್ನು ಪಡೆಯಬಹುದೆ? ಈ ಪ್ರಶ್ನೆಯನ್ನು ವೈದ್ಯಶಾಸ್ತ್ರ ಕೇಳುವುದಕ್ಕೆ ಬಹಳ ಹಿಂದೆಯೇ ನಮ್ಮ ಜನಪದರು ಕೇಳಿದ್ದರು. ಅವರು ಕೊಟ್ಟ ಉತ್ತರಗಳನ್ನು ನಾವು ಸಂಗ್ರಹಿಸಿದ್ದೇವೆ, ಆದರೆ ವಿಮರ್ಶಿಸಿಲ್ಲ.

೧

ಈ ಪ್ರಬಂಧಕ್ಕೆ ಪ್ರೇರಣೆಯಾದದ್ದು ದಾವಣಗೆರೆಯ ವಿನೋಬನಗರದ ಒಂದು ಪ್ರಸಂಗ. ಹರಿಹರ, ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಬಂದು ನೆಲೆಸಿದ ಕುಟುಂಬಗಳು ಈ ಬಡಾವಣೆಯಲ್ಲಿ ಹಲವಾರಿವೆ. ಮನೆಗಳು ಪಟ್ಟಣದವಾದರೂ ಹೆಣ್ಣು ಕೇಳುವ ಕ್ರಮ ಹಳ್ಳಿಯದೇ. ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ನೆರೆಹೊರೆಯಲ್ಲಿ ವಿಚಾರಿಸುತ್ತಾರೆ. ೨೦೧೧ರ ಬೇಸಿಗೆಯಲ್ಲಿ ಹಾಗೆ ಬಂದ ಹರಿಹರದ ಕಡೆಯ ಹಿರಿಯರು ಪಕ್ಕದ ಮನೆಯ ಹುಡುಗಿಯನ್ನು ಕುರಿತು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದು ಇಷ್ಟೇ: "ಆ ಮನ್ಯಾಗೆ ಏನಾರ ಐತೇನ್ರಿ?" ಏನಾದರೂ ಎಂದರೆ ಏನೆಂದು ಅವರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿಯ ಸೋದರಮಾವನೊಬ್ಬ ಬಾಲ್ಯದಲ್ಲಿ ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಲ್ಲದೆ ತೀರಿಕೊಂಡದ್ದು ಓಣಿಗೆಲ್ಲ ತಿಳಿದಿತ್ತು. ಅಲ್ಲಿದ್ದ ಅಜ್ಜಿಯೊಬ್ಬರು ನೇರವಾಗಿ ಏನನ್ನೂ ಹೇಳದೆ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂದರು. ಹಿರಿಯರು ಎದ್ದು ಹೋದರು. ಆ ಸಂಬಂಧ ಅಲ್ಲಿಗೆ ಮುರಿಯಿತು.

ಆ ಗಾದೆ ನನ್ನ ಪಿಎಚ್.ಡಿ. ಮಹಾಪ್ರಬಂಧದಲ್ಲಿ 'ಅನುಭವಜನ್ಯ ಜ್ಞಾನ' ಎಂಬ ಉಪಶೀರ್ಷಿಕೆಯಡಿ ಇದೆ. ಅಂದು ನಾನು ಮೌನವಾಗಿದ್ದೆ. ಆ ಹುಡುಗಿಗೆ ಮುಂದೆ ಬೇರೆ ಊರಿನಲ್ಲಿ ಮದುವೆಯಾಯಿತು. ಈ ಸಲ ಮನೆಯವರು ಸೋದರಮಾವನ ವಿಷಯವನ್ನು ಯಾರಿಗೂ ತಿಳಿಸಲಿಲ್ಲ. ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಗಾದೆ ಮಾಡಿದ ಕೆಲಸವನ್ನು ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಬೇಕು. ಅದು ಒಂದು ಮನೆಯನ್ನು ಎಚ್ಚರಿಸಿತು, ಇನ್ನೊಂದು ಮನೆಗೆ ಮುಚ್ಚಿಡುವುದನ್ನು ಕಲಿಸಿತು.

೨

ಆ ಹುಡುಗನಿಗೆ ಇದ್ದದ್ದು ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮರೋಗ ಎನ್ನುವ ಕಾಯಿಲೆ ಎಂದು ಊಹಿಸಲು ಅವಕಾಶವಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶದ ಕೊರತೆಯಿಂದ ಬರುವ ಈ ಕಾಯಿಲೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದು ಸಾಮಾನ್ಯ ಕ್ರಮ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧ. ಪ್ರತಿ ಹೆಣ್ಣುಮಗುವೂ ವಾಹಕಳಾಗುವ ಸಂಭವ ಅರ್ಧ. ಕಾಯಿಲೆಯಿರುವ ತಂದೆಯ ಹೆಣ್ಣುಮಕ್ಕಳೆಲ್ಲ ವಾಹಕರಾಗುತ್ತಾರೆ, ಗಂಡುಮಕ್ಕಳಿಗೆ ಅವನಿಂದ ಅದು ಬರುವುದಿಲ್ಲ. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಕುಟುಂಬದ ಹಿನ್ನೆಲೆಯೇ ಇರುವುದಿಲ್ಲ.

ಈ ಲೆಕ್ಕವನ್ನು ಗಾದೆಯ ಪಕ್ಕದಲ್ಲಿ ಇಡೋಣ. ಅಜ್ಜಿ ವಾಹಕಳಾಗಿದ್ದಳೆಂದುಕೊಂಡರೂ ತಾಯಿ ವಾಹಕಳಾಗಿರುವ ಸಂಭವ ಅರ್ಧ, ಮಗಳದ್ದು ಕಾಲು ಮಾತ್ರ. ಅದನ್ನೂ ಇಂದು ಪರೀಕ್ಷೆಯಿಂದ ಬಹುಮಟ್ಟಿಗೆ ನಿಶ್ಚಯಿಸಬಹುದು. ಗಾದೆ ಈ ಕಾಲುಭಾಗದ ಸಂಭವವನ್ನು ಪೂರ್ಣ ವಿಧಿಯಾಗಿಸುತ್ತದೆ. ನೂಲಿಗೂ ಸೀರೆಗೂ ನಡುವೆ ಅನಿಶ್ಚಯಕ್ಕೆ ಎಡೆಯಿಲ್ಲ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯಲ್ಲಿಯೂ ಇದೇ ನಿಶ್ಚಯವಿದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೊದಲ ಗಾದೆ ಸೀರೆಯನ್ನು ಕುರಿತದ್ದು, ಎರಡನೆಯದು ಗುಣವನ್ನು ಕುರಿತದ್ದು. ಒಡಲಿನ ಕಾಯಿಲೆ, ಮೈಬಣ್ಣ, ನಡತೆ, ಕುಲ ಇವೆಲ್ಲವೂ ಒಂದೇ ಬೀಜದ ಗುಣಗಳೆಂಬಂತೆ ಇಲ್ಲಿ ಬೆರೆಯುತ್ತವೆ. ಹುಟ್ಟಿನಿಂದ ಕುಲವನ್ನು ಎಣಿಸಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ನಾಡಿನಲ್ಲಿಯೂ ಮದುವೆಯ ಮಾತುಕತೆಗೆ ಬಂದಾಗ ಬೀಜದ ಭಾಷೆಯೇ ಗೆಲ್ಲುತ್ತದೆ. ಕಾಯಿಲೆಯ ಭಯವು ಕುಲದ ಭಯದ ಮಾತನ್ನು ಎರವಲು ಪಡೆದಿದೆ ಎಂದರೆ ತಪ್ಪಾಗಲಾರದು.

ದೋಷದ ಹೊಣೆಯನ್ನು ತಾಯಿಯ ಮೇಲೆ ಹೊರಿಸುವ ಪ್ರವೃತ್ತಿ ಗಾದೆಗೆ ಮಾತ್ರ ಸೀಮಿತವಲ್ಲ. ಗ್ರಹಣಕಾಲದಲ್ಲಿ ಬಸುರಿ ಹೊರಗೆ ಬಂದರೆ, ಏನನ್ನಾದರೂ ಕೊಯ್ದರೆ ಮಗುವಿನ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮಹಾಭಾರತದ ಕಥನದಲ್ಲಿ ಅಂಬಿಕೆ ಕಣ್ಣು ಮುಚ್ಚಿದ್ದರಿಂದ ಧೃತರಾಷ್ಟ್ರ ಕುರುಡನಾದ, ಅಂಬಾಲಿಕೆ ಬಿಳುಚಿದ್ದರಿಂದ ಪಾಂಡು ಬಿಳಿಚಿಕೊಂಡು ಹುಟ್ಟಿದ. ಇಷ್ಟವಿಲ್ಲದ ಸಂಗಕ್ಕೆ ಹೆದರಿದ ಹೆಣ್ಣಿನ ಹೆದರಿಕೆಯೇ ಇಲ್ಲಿ ಮಗುವಿನ ದೋಷಕ್ಕೆ ಕಾರಣವಾಗುತ್ತದೆ. ಅವರನ್ನು ಆ ಸ್ಥಿತಿಗೆ ತಂದವರ ಮಾತೇ ಬರುವುದಿಲ್ಲ.

೩

ಜನಪದರ ಉತ್ತರ ಇಷ್ಟೇ ಆಗಿದ್ದರೆ ಅದನ್ನು ಪೂರ್ವಗ್ರಹವೆಂದು ತಳ್ಳಿಹಾಕಬಹುದಿತ್ತು. ಆದರೆ ಅದೇ ಓಣಿಯಲ್ಲಿ, ಕೆಲವೊಮ್ಮೆ ಅದೇ ಬಾಯಿಂದ, 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಮಾತೂ ಬರುತ್ತದೆ. ಇದನ್ನು ಸಾಮಾನ್ಯವಾಗಿ ತಂದೆತಾಯಿಗಳ ಕುರುಡು ಪ್ರೀತಿಯ ಗೇಲಿಯೆಂದು ವಿವರಿಸಲಾಗುತ್ತದೆ. ಆದರೆ ಗಾದೆಯ ತಿರುಳು ಅಲ್ಲಿಗೇ ಮುಗಿಯುವುದಿಲ್ಲ. ಮಗುವಿನ ಬೆಲೆ ಅದರ ಗುಣಲಕ್ಷಣಗಳ ಮೊತ್ತವಲ್ಲ, ಅದು ಹೆತ್ತವರ ಸಂಬಂಧದಿಂದ ಹುಟ್ಟುವಂಥದು ಎಂಬ ತಿಳಿವೂ ಅದರಲ್ಲಿದೆ. ನೂಲಿನ ಗಾದೆ ಮದುವೆಗೆ ಮುಂಚೆ ಹೊರಗಿನವರು ಆಡುವ ಮಾತು. ಹೆಗ್ಗಣದ ಗಾದೆ ಹುಟ್ಟಿದ ಮಗುವನ್ನು ಎತ್ತಿಕೊಂಡವರನ್ನು ಕುರಿತ ಮಾತು.

ಮೃಕಂಡು ಮುನಿಯ ಕಥೆ ಈ ಎರಡನೆಯ ನೆಲೆಯ ಅತ್ಯುತ್ತಮ ನಿದರ್ಶನ. ಹರಿಕಥೆಗಳಲ್ಲಿ, ಬಯಲಾಟಗಳಲ್ಲಿ ಪ್ರಚಲಿತವಾದ ಈ ಕಥೆಯಲ್ಲಿ ಶಿವನು ಮುನಿಗೆ ಆಯ್ಕೆ ಕೊಡುತ್ತಾನೆ: ದೀರ್ಘಾಯುವಾದ ಮೂಢಮಗ ಬೇಕೋ, ಹದಿನಾರೇ ವರ್ಷ ಬದುಕುವ ಸದ್ಗುಣಿ ಮಗ ಬೇಕೋ? ಮುನಿ ಅಲ್ಪಾಯುವನ್ನೇ ಆರಿಸುತ್ತಾನೆ. ತಿಳಿದೇ ಹೆತ್ತ ತಂದೆತಾಯಿಗಳ ಕಥೆ ಇದು. ಆದರೆ ಈ ಕಥೆ ಒಂದು ಕಠಿಣ ಆಕ್ಷೇಪಕ್ಕೂ ಎಡೆಕೊಡುತ್ತದೆ. ಅಲ್ಪಾಯುಷ್ಯವನ್ನು ಆರಿಸಿದವನು ತಂದೆ, ಸಾವನ್ನು ಎದುರಿಸಬೇಕಾದವನು ಮಗ. ಅವನನ್ನು ಯಾರೂ ಕೇಳಲಿಲ್ಲ. ಹದಿನಾರು ತುಂಬುವಾಗ ತಂದೆತಾಯಿಗಳ ಅಳುವನ್ನು ನೋಡಿ ಮಾರ್ಕಂಡೇಯ ಕಾರಣ ಕೇಳಬೇಕಾಗುತ್ತದೆ, ಅಂದರೆ ಅಲ್ಲಿಯವರೆಗೆ ಅವನಿಗೆ ತಿಳಿಸಿರಲಿಲ್ಲ. ಕಥೆಯಲ್ಲಿ ಶಿವ ಬಂದು ಉಳಿಸುತ್ತಾನೆ. ಶಿವ ಬಾರದ ಮನೆಗಳಲ್ಲಿ ಏನಾಗುತ್ತದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

೪

ಇಂಥ ಮನೆಗಳನ್ನು ಕಾಣಲು ನೆರೆಯ ಶಿವಮೊಗ್ಗ ಜಿಲ್ಲೆಗೆ ಹೋದರೆ ಸಾಕು. ೧೯೭೦ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಕೀಲುಗಳನ್ನು, ವಿಶೇಷವಾಗಿ ಸೊಂಟದ ಕೀಲನ್ನು, ಸವೆಸಿ ನಡೆಯಲಾಗದಂತೆ ಮಾಡುವ ಕಾಯಿಲೆಯೊಂದು ಬೆಳಕಿಗೆ ಬಂತು. ಕೆಲವರಲ್ಲಿ ಬೆಳವಣಿಗೆಯೂ ಕುಂಠಿತವಾಗಿತ್ತು. ಪೀಡಿತರು ಪ್ರಧಾನವಾಗಿ ದಲಿತ ಕೂಲಿ ಕುಟುಂಬದವರು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ತಿಂದದ್ದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು, ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡಗಳು ಅಧ್ಯಯನ ಕೈಗೊಂಡವು. ಇದು ತಂದೆ ಅಥವಾ ತಾಯಿ, ಯಾರಿಂದಲಾದರೂ ಪ್ರತಿ ಮಗುವಿಗೂ ಅರ್ಧ ಸಂಭವದೊಂದಿಗೆ ಬರುವ ಆನುವಂಶಿಕ ಕಾಯಿಲೆಯೆಂಬ ನಿರ್ಣಯಕ್ಕೆ ಸಂಶೋಧಕರು ಬಂದರು.

ಜಾನಪದ ವಿದ್ಯಾರ್ಥಿ ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಒಂದು ಊರಿನ ಹೆಸರೇ ಕಾಯಿಲೆಯ ಹೆಸರಾಯಿತು. ನೂಲಿನ ಗಾದೆ ಒಂದು ಮನೆಯನ್ನು ಗುರುತಿಸಿದರೆ ಈ ನಾಮಕರಣ ಇಡೀ ಊರನ್ನು ಗುರುತಿಸಿತು. ಎರಡನೆಯದಾಗಿ, ಕಾರಣ ವಿಷವೆಂದಿದ್ದಾಗ ಹೊಣೆ ಗದ್ದೆಯದು, ಕೀಟನಾಶಕದ್ದು, ಏಡಿಯಲ್ಲದೆ ಬೇರೆ ಆಹಾರ ಸಿಗದ ಬಡತನದ್ದು ಎನ್ನಬಹುದಿತ್ತು. ಕಾರಣ ವಂಶವಾಹಿಯೆಂದಾದ ಮೇಲೆ ಹೊಣೆ ಹೆರುವವರ ಮೇಲೆ ಬಂತು. ವಿಜ್ಞಾನದ ನಿರ್ಣಯ ಸರಿಯಾದದ್ದೇ. ಆದರೆ ನಿರ್ಣಯದಿಂದ ಹೊಣೆಗೆ ಜಿಗಿಯುವ ಈ ನಡೆ ವಿಜ್ಞಾನದ್ದಲ್ಲ, ಅದು ನಮ್ಮ ಹಳೆಯ ಗಾದೆಯ ನಡೆ. ನಡೆಯಲಾಗದ ಕೂಲಿಕಾರನಿಗೆ ಚಿಕಿತ್ಸೆ, ಪಿಂಚಣಿ, ದುಡಿಮೆಯ ಬೇರೆ ದಾರಿ ಇವುಗಳಿಲ್ಲದೆ ಮಕ್ಕಳನ್ನು ಹೆರಬೇಡವೆಂಬ ಬುದ್ಧಿಮಾತು ಮಾತ್ರ ಸಿಕ್ಕಿದರೆ ಅದು ಸಲಹೆಯಾಗದು, ತೀರ್ಪಾಗುತ್ತದೆ.

ಇಂಥ ತೀರ್ಪು ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಜಗತ್ತು ಕಂಡಿದೆ. ಜರ್ಮನಿಯಲ್ಲಿ ೧೯೩೩ರ ಕಾಯ್ದೆಯ ಮೂಲಕ ಆನುವಂಶಿಕ ದೋಷವುಳ್ಳವರೆಂದು ಹೆಸರಿಸಲ್ಪಟ್ಟ ಸುಮಾರು ೪ ಲಕ್ಷ ಜನರಿಗೆ ಸಂತಾನಹರಣ ಚಿಕಿತ್ಸೆ ಮಾಡಲಾಯಿತು. ನಮ್ಮ ಕಾನೂನಿನಲ್ಲಿಯೂ ಈ ಛಾಯೆ ಇಲ್ಲದಿಲ್ಲ. ಹಿಂದೂ ವಿವಾಹ ಕಾಯ್ದೆಯ ೫ನೆಯ ಕಲಮು ವಿವಾಹಕ್ಕೂ ಸಂತಾನೋತ್ಪತ್ತಿಗೂ ಅನರ್ಹಗೊಳಿಸುವ ಮಾನಸಿಕ ಅಸ್ವಸ್ಥತೆಯ ಮಾತನ್ನು ಆಡುತ್ತದೆ. ಅದೇ ಕಲಮಿನಲ್ಲಿದ್ದ ಮೂರ್ಛೆರೋಗವನ್ನು ೧೯೯೯ರಲ್ಲಿ ಕೈಬಿಡಲಾಯಿತು. ಕುಷ್ಠವನ್ನು ವಿಚ್ಛೇದನದ ಕಾರಣಗಳಿಂದ ತೆಗೆದದ್ದು ೨೦೧೯ರಲ್ಲಿ. ಅನಪೇಕ್ಷಿತವಾದವುಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಪಟ್ಟಿಯಲ್ಲಿದ್ದಾಗ ಮುರಿದ ಬದುಕುಗಳು ಮಾತ್ರ ಮರಳುವುದಿಲ್ಲ.

೫

ಪಟ್ಟಿ ಬದಲಾಗುವುದು ಹೇಗೆಂಬುದಕ್ಕೆ ದಾವಣಗೆರೆಯಲ್ಲಿಯೇ ನಿದರ್ಶನವಿದೆ. ಸ್ವತಃ ಹಿಮೋಫಿಲಿಯಾ ಇರುವ, ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿ ದುಡಿದ ಡಾ. ಸುರೇಶ್ ಹನಗವಾಡಿಯವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಈ ಊರನ್ನು ರೋಗಿಗಳ ಆಸರೆಯ ನೆಲೆಯಾಗಿಸಿದ್ದಾರೆ. ಹೆಪ್ಪುಗಟ್ಟಿಸುವ ಅಂಶವನ್ನು ಚುಚ್ಚುಮದ್ದಾಗಿ ಕೊಟ್ಟರೆ ಹಲ್ಲು ಕೀಳಿಸಿಕೊಂಡ ಹುಡುಗ ಸಾಯಬೇಕಾಗಿಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದೇ ವಂಶವಾಹಿ ಚುಚ್ಚುಮದ್ದು ಸಿಗುವ ಮನೆಯಲ್ಲಿ ಎಚ್ಚರದಿಂದ ನಿಭಾಯಿಸಬಹುದಾದ ಸ್ಥಿತಿ, ಸಿಗದ ಮನೆಯಲ್ಲಿ ಮರಣ. ಹೀಗಿರುವಾಗ 'ದೋಷ' ಎನ್ನುವುದು ಪೂರ್ತಿಯಾಗಿ ಬೀಜದಲ್ಲಿದೆ ಎನ್ನಲಾಗದು. ಅದರ ಒಂದು ಪಾಲು ಆಸ್ಪತ್ರೆಯಲ್ಲಿದೆ, ರಸ್ತೆಯಲ್ಲಿದೆ, ಸರ್ಕಾರದ ಆಯವ್ಯಯದಲ್ಲಿದೆ.

ಹಾಗೆಂದು ಮಗುವಿನ ನೋವಿನ ಪ್ರಶ್ನೆ ತೀರಿಹೋಗುವುದಿಲ್ಲ. ಎಲ್ಲ ಆರೈಕೆಯ ಆಚೆಗೂ ಉಳಿಯುವ ನೋವುಗಳಿವೆ. ಅವುಗಳನ್ನು ಕಣ್ಣಾರೆ ಕಂಡ ದಂಪತಿಗಳು ನಮಗೆ ಮಕ್ಕಳು ಬೇಡವೆಂದು ನಿರ್ಧರಿಸಿದರೆ ಅದು ಪೀಡಿತರ ತಿರಸ್ಕಾರವಲ್ಲ, ಕರುಣೆ. ಆದರೆ ಹಾಗೆ ನಿರ್ಧರಿಸಿದ ಹೆಣ್ಣಿಗೆ ನಮ್ಮ ಜನಪದ ಲೋಕದಲ್ಲಿ ಯಾವ ಸ್ಥಾನವಿದೆ? 'ಬಂಜೆ' ಎಂಬ ಪದವೊಂದೇ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡ ಬಂಜೆತನದ ದುಃಖವನ್ನು ನಾವು ರಸಪೂರ್ಣವಾಗಿ ವಿಶ್ಲೇಷಿಸಿದ್ದೇವೆ, ಆ ದುಃಖವನ್ನು ಹೇರಿದವರು ಯಾರೆಂದು ವಿರಳವಾಗಿ ಕೇಳಿದ್ದೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು ಬೆಳೆಸಿದ, ೨೦೨೫ರಲ್ಲಿ ನಿಧನರಾದ ಸಾಲುಮರದ ತಿಮ್ಮಕ್ಕನವರನ್ನು ನಾಡು ಗೌರವಿಸಿತು. ಆದರೆ ಮಕ್ಕಳಿಲ್ಲದ ಅವರನ್ನು ಗೌರವಿಸಲು ಮರಗಳನ್ನೇ ಮಕ್ಕಳೆಂದು ಕರೆದು, ಅವರನ್ನು 'ವೃಕ್ಷಮಾತೆ'ಯಾಗಿಸಬೇಕಾಯಿತು. ತಾಯ್ತನದ ಹೊರಗೆ ಹೆಣ್ಣಿಗೆ ಗೌರವದ ಪದ ನಮ್ಮಲ್ಲಿ ಇನ್ನೂ ಹುಟ್ಟಬೇಕಾಗಿದೆ.

೬

ಈ ವಿಶ್ಲೇಷಣೆಯಿಂದ ಒಂದು ನಿಲುವು ಸ್ಪಷ್ಟವಾಗುತ್ತದೆ. ನಮ್ಮ ಜನಪದ ವಿವೇಕವು ಈ ವಿಷಯದಲ್ಲಿ ಹೆಣ್ಣನ್ನು ಎರಡು ಗಾದೆಗಳ ನಡುವೆ ನಿಲ್ಲಿಸಿದೆ. ದೋಷವುಳ್ಳ ಮಗುವನ್ನು ಹೆತ್ತರೆ ಕೆಟ್ಟ ನೂಲು, ಹೆರದಿದ್ದರೆ ಬಂಜೆ. ಹೆರಬೇಕೆ ಬೇಡವೆ ಎಂಬ ನೈತಿಕ ಪ್ರಶ್ನೆಗೆ ಅರ್ಥ ಬರುವುದು ಎರಡೂ ಉತ್ತರಗಳು ಮಾನದಿಂದ ಸಾಧ್ಯವಾದಾಗ ಮಾತ್ರ. ಅದಿಲ್ಲದ ಕಡೆ ಆ ಪ್ರಶ್ನೆಯನ್ನು ದಂಪತಿಗಳಿಗೆ ಹಾಕುವುದು ಅನ್ಯಾಯ.

ಆದ್ದರಿಂದ ಮೂರು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ತಿಳಿಸುವುದು ಕರ್ತವ್ಯ, ಮದುವೆಯಾಗುವವರಿಂದ ಕಾಯಿಲೆಯ ವಿಷಯ ಮುಚ್ಚಿಡುವುದು ತಪ್ಪೇ, ಆದರೆ ಹೇಳಿದವರನ್ನು ಶಿಕ್ಷಿಸುವ ಸಮಾಜ ಆ ತಪ್ಪಿನಲ್ಲಿ ಪಾಲುದಾರ. ನಿರ್ಧರಿಸುವುದು ದಂಪತಿಗಳ ಹಕ್ಕು. ಜಗಲಿಯ ಹಿರಿಯರಿಗಾಗಲಿ, ಕಚೇರಿಯ ಅಧಿಕಾರಿಗಾಗಲಿ ಆ ಹಕ್ಕಿಲ್ಲ. ಹುಟ್ಟಿದ ಮಗುವನ್ನು ಸಲಹುವುದು ಮಾತ್ರ ಎಲ್ಲರ ಹೊಣೆ. ಇಲ್ಲಿ ಹೆತ್ತವರಿಗೆ ಮಾತ್ರ ಹೆಗ್ಗಣ ಮುದ್ದಾದರೆ ಸಾಲದು.

ಜಾನಪದ ವಿದ್ವಾಂಸರಿಗೆ ಇದರಲ್ಲಿ ಒಂದು ಪಾಠವಿದೆ. ಗಾದೆಯನ್ನು ಸಂಗ್ರಹಿಸುವಾಗ ಅದನ್ನು ಆಡಿದವರ ಹೆಸರು, ವಯಸ್ಸು, ಊರನ್ನು ದಾಖಲಿಸುತ್ತೇವೆ. ಅದು ಯಾರನ್ನು ಕುರಿತು ಆಡಲ್ಪಟ್ಟಿತು, ಅನಂತರ ಅವರಿಗೆ ಏನಾಯಿತು ಎಂಬುದನ್ನು ಬರೆದುಕೊಳ್ಳುವುದಿಲ್ಲ. ನನ್ನ ಮಹಾಪ್ರಬಂಧದ ಆ ಪುಟದಲ್ಲಿಯೂ ಆ ವಿವರವಿಲ್ಲ. ಅದನ್ನು ಈಗಲಾದರೂ ಸೇರಿಸಬೇಕಾಗಿದೆ.